ಗಾಜಿನ ಬಟ್ಟೆಯ ಮೇಸ್ತ್ರಿ

ಹೋದ ತಿಂಗಳು ಇಳಕಲ್ಲಿನಲ್ಲಿ ಒಬ್ಬರು ತೀರಿಕೊಂಡರು. ಸುದ್ದಿ ನನಗೆ ಮುಟ್ಟಿದ್ದು ಹದಿನೈದು ದಿನ ತಡವಾಗಿ, ಅದೂ ಬೇರೆ ಯಾವುದೋ ಕೆಲಸದ ನಡುವೆ, ನಮ್ಮ ದೋಣಿ ಸಂಘದ ಅಧ್ಯಕ್ಷರಾದ ಸಾಹುಕಾರರ ಫೋನಿನಲ್ಲಿ.

"ಮಾಸ್ತರ, ನಮ್ಮ ಮೇಸ್ತ್ರಿ ಹೋದನಂತ್ರಿ, ಪಾಪ" ಎಂದರು. ಆ 'ಪಾಪ' ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ, "ಅಂದಂಗ ನಮ್ಮ ದೋಣಿಗೆ ಗಿರಾಕಿ ಬಂದಾರ. ಬಾದಾಮಿಯವರು. ಮೇಸ್ತ್ರಿ ಕೊಟ್ಟ ವರದಿ ಐತೆಲ್ಲಾ, ಅದರ ಮ್ಯಾಲ ಖರೇ ನಕಲು ಅಂತ ಒಂದು ಸಹಿ ಹಾಕಿಕೊಡ್ರಿ. ನೀವು ಆವಾಗ ಕಾರ್ಯದರ್ಶಿ ಇದ್ದವರು" ಎಂದರು.

ಊಟಕ್ಕೆ ಕುಳಿತಿದ್ದೆ. ಅಸಹ್ಯವಾಗಿ ತಾಟು ಸರಿಸಿ ಎದ್ದೆ. ಆ ವರದಿಯಲ್ಲಿ ದೋಣಿ ಗಟ್ಟಿಯಾಗಿದೆ ಎಂದು ಬರೆದಿದೆ. ದೋಣಿ ಗಟ್ಟಿಯಾಗಿಲ್ಲ. ಇದು ಮೇಸ್ತ್ರಿಗೆ ಗೊತ್ತಿತ್ತು, ನನಗೆ ಗೊತ್ತು, ಸಾಹುಕಾರರಿಗೂ ಗೊತ್ತು. ಗೊತ್ತಿಲ್ಲದವರು ದೋಣಿ ಕೊಳ್ಳಲು ಹೊರಟ ಬಾದಾಮಿಯ ಗಂಡಹೆಂಡತಿ ಮಾತ್ರ. ಅವರು ಒಂದು ಚಿಕ್ಕ ಮಗುವನ್ನು ಕಟ್ಟಿಕೊಂಡು ಅದರಲ್ಲೇ ಸಂಸಾರ ಹೂಡಿ, ಪ್ರವಾಸಿಗರನ್ನು ಹಿನ್ನೀರಿನಲ್ಲಿ ಸುತ್ತಾಡಿಸುವ ಲೆಕ್ಕದಲ್ಲಿದ್ದಾರೆ ಎಂದು ಸಾಹುಕಾರರೇ ಖುಷಿಯಿಂದ ಹೇಳಿದರು.

ಮೇಸ್ತ್ರಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು, ನನಗೂ ಅಷ್ಟೇ ಸಾಕು.

ಸುಳ್ಳೇಕೆ ಹೇಳಲಿ, ಅವರನ್ನು ಮೊದಲು ಕಂಡಾಗಲೂ ನನಗೆ ಅಸಹ್ಯವೇ ಆಗಿತ್ತು. ನವನಗರದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಅವರದೊಂದು ಬಾಡಿಗೆಯ ತಗಡಿನ ಶೆಡ್ಡು; ಕೆಲಸವೂ ಅಲ್ಲೇ, ವಾಸವೂ ಅಲ್ಲೇ. ಅಲ್ಲಿ ಫೈಬರಿನ ನೀರಿನ ಟಾಕಿ, ಬಚ್ಚಲುಮನೆಯ ಬಾಗಿಲು, ಅಂಗಡಿ ಮುಂದಿಡುವ ಕುರ್ಚಿ ತಯಾರಾಗುತ್ತಿದ್ದವು. ನಾನು ಒಂದು ಬಾಗಿಲು ಮಾಡಿಕೊಡಿ ಎಂದು ಹೇಳಲು ಹೋಗಿದ್ದೆ. ಮೊಳಕೈವರೆಗೆ ಕೆರೆದು ಕೆರೆದು ಕೆಂಪಗಾದ ತೋಳುಗಳು. ಉಗುರಿನ ಸಂದಿಯಲ್ಲಿ ಒಣಗಿದ ಅಂಟು. ಮೀಸೆಯ ಮೇಲೆ ನಶ್ಯದ ಪುಡಿ. ಕೂತ ಕೂತಲ್ಲೇ ಬೆನ್ನನ್ನು ಕಂಬಕ್ಕೆ ತಿಕ್ಕುತ್ತಿದ್ದರು. ಚಹಾ ಕೊಟ್ಟರು, ಬಸಿಯ ಅಂಚಿನಲ್ಲಿ ಅವರ ಹೆಬ್ಬೆರಳಿನ ಅಂಟಿನ ಗುರುತು ಇತ್ತು. ನಾನು ಕಾಲೇಜಿನಲ್ಲಿ ಕನ್ನಡ ಹೇಳುವವನು, ಬಿಳಿ ಅಂಗಿಯವನು. ಕುಡಿದ ಹಾಗೆ ಮಾಡಿ ಬೇವಿನ ಗಿಡದ ಬುಡಕ್ಕೆ ಚೆಲ್ಲಿದೆ. ಅವರು ನೋಡಿಬಿಟ್ಟರು.

"ಗಾಜಿನ ಧೂಳ್ರಿ ಮಾಸ್ತರ" ಎಂದರು, ಸಿಟ್ಟಿಲ್ಲದೆ. "ಒಮ್ಮೆ ಮೈಯಾಗ ಹೊಕ್ಕಿತಂದ್ರ ತುರಿಕಿ ಬಿಡೂದಿಲ್ಲ. ನಮ್ಮ ಮನ್ಯಾಕಿ ನನಗ ಅಂಗಳದಾಗ ಜಳಕಾ ಮಾಡಿಸಿ ಒಳಗ ಕರಕೊಳ್ತಾಳ. ನಿಮಗ ಹೇಸಿಗಿ ಬಂದ್ರ ತಪ್ಪೇನಿಲ್ಲ."

ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದವರು. ಹರೆಯದಲ್ಲಿ ಗೋವೆಗೆ ಹೋಗಿ, ಹಾಯಿದೋಣಿ ದುರಸ್ತಿ ಮಾಡುವ ಅಂಗಳವೊಂದರಲ್ಲಿ ಕೂಲಿಗೆ ನಿಂತು, ಫೈಬರ್ ಕೆಲಸ ಕಲಿತು, ತಲೆ ನೆರೆತ ಮೇಲೆ ಈ ಕಡೆ ಬಂದಿದ್ದರು. ಫೈಬರ್ ಎಂದರೆ ಏನು ಎಂದು ನಾನು ಕೇಳಿದ್ದಕ್ಕೆ ಮೂಲೆಯಿಂದ ಒಂದು ಬಿಳಿ ಬಟ್ಟೆಯ ಸುರುಳಿ ಎಳೆದು ತೋರಿಸಿದರು. "ಇದೂ ಬಟ್ಟೀನಽ ರೀ. ಎಳಿ ಗಾಜಿಂದು, ಅಷ್ಟಽ. ಹಾಸು ಐತಿ, ಹೊಕ್ಕು ಐತಿ. ನಮ್ಮಪ್ಪ ಸೀರಿ ನೇಯ್ದ. ನಾ ಇದಕ್ಕ ಅಂಟು ಕುಡಿಸಿ, ಪದರದ ಮ್ಯಾಲ ಪದರ ಇಟ್ಟು, ದೋಣಿ ಮಾಡ್ತೇನಿ, ಟಾಕಿ ಮಾಡ್ತೇನಿ."

ಅಪ್ಪನ ಮಗ್ಗದ ಒಂದು ಹಳೆಯ ಲಾಳಿ ಅವರ ಜೇಬಿನಲ್ಲಿ ಸದಾ ಇರುತ್ತಿತ್ತು. ಆ ಕಟ್ಟಿಗೆಯ ಲಾಳಿಯಿಂದ ಟಾಕಿಯನ್ನು ತಟ್ಟಿ, ಕಿವಿಗೊಟ್ಟು, ಒಳಗೆ ಪದರ ಬಿಟ್ಟಿದೆಯೋ ಇಲ್ಲವೋ ಹೇಳುತ್ತಿದ್ದರು. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕುತ್ತಾರಲ್ಲ, ಹಾಗೆ ದೋಣಿಯಲ್ಲೂ ಒಡಲಿಗೆ ಮೇಲಿನ ಡೆಕ್ಕು ಕೂಡುವ ಒಂದು ಜಾಗ ಇರುತ್ತದಂತೆ. "ಕೂಡಿಸಿದ ಜಾಗಾ ನೋಡಿದ್ರ ಮಾಡಿದಾಂವ ಎಂಥಾಂವ ಅನ್ನೂದು ತಿಳೀತೈತಿ" ಎನ್ನುತ್ತಿದ್ದರು.

ಅವರಿಗೆ ಹೇಸಿಗೆ ಬರುತ್ತಿದ್ದುದು ಬಿರುಕು ಮುಚ್ಚುವ ಪುಟ್ಟಿ ಕಂಡರೆ. ಬಿರುಕಿನ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆಯುವವರನ್ನು ಕಂಡರೆ ಅವರ ಮುಖ ಹಳಸಿದ ಅನ್ನ ಕಂಡಂತೆ ಆಗುತ್ತಿತ್ತು. ಒಮ್ಮೆ ನನ್ನೆದುರಿಗೇ ಒಬ್ಬ, ಸೀಳಿದ ಟಾಕಿ ತಂದು, ಮೇಲಷ್ಟು ಮುಚ್ಚಿಕೊಡಿ, ಹಳ್ಳಿಯ ಕಡೆ ಮಾರಿಬಿಡುತ್ತೇನೆ ಎಂದ. ಮೇಸ್ತ್ರಿ ಒಂದು ಚಿಟಿಕೆ ನಶ್ಯ ಏರಿಸಿದರು, ಎದ್ದರು, ಸುತ್ತಿಗೆಯಿಂದ ಟಾಕಿಯನ್ನು ನಾಲ್ಕು ತುಂಡು ಮಾಡಿದರು. "ಈಗ ಮಾರ್ಕೋ ಹೋಗು" ಎಂದು ಮತ್ತೆ ತಮ್ಮ ಕೆಲಸಕ್ಕೆ ಕುಳಿತರು. ಅವತ್ತಿನಿಂದ ನಾನು ಅವರ ಚಹಾ ಕುಡಿಯತೊಡಗಿದೆ.

ಅಣೆಕಟ್ಟಿನ ಹಿನ್ನೀರು ಹಳೆಯ ಊರನ್ನು ಮುಳುಗಿಸಿ ಹೊಸ ಊರಿನ ಬಾಗಿಲಿಗೇ ಬಂದು ನಿಂತಿದೆ, ಅದರಲ್ಲಿ ಹಾಯಿದೋಣಿ ಬಿಡೋಣ ಎಂದು ಹತ್ತು ಜನ ಸೇರಿ ಒಂದು ಸಂಘ ಮಾಡಿಕೊಂಡೆವು. ಇಳಕಲ್ ಕಡೆ ಕೆಂಪು ಕಲ್ಲಿನ ಕ್ವಾರಿ ಇರುವ ಸಾಹುಕಾರರು ಅಧ್ಯಕ್ಷರು. ಬರೆಯುವ ಕೈ ಚೆನ್ನಾಗಿದೆ ಎಂದು ನಾನು ಕಾರ್ಯದರ್ಶಿ. ಸಾಹುಕಾರರಿಗೆ ಒಂದೇ ದೋಣಿಯಿಂದ ಮೂರು ಕೆಲಸ ಆಗಬೇಕಿತ್ತು: ಭಾನುವಾರ ಪಂದ್ಯ ಆಡಬೇಕು, ಮನೆಮಂದಿಯನ್ನು ದಿನವಿಡೀ ತಿರುಗಾಡಿಸಬೇಕು, ಒಂದು ಸಂಸಾರ ಅದರಲ್ಲೇ ವಾಸವಿದ್ದು ಕಾಯಬೇಕು. ಗೋವೆಯಲ್ಲಿ ಮೂವತ್ತು ವರ್ಷ ಹಳೆಯ ಎರಡು ಫೈಬರ್ ದೋಣಿ ಮಾರಾಟಕ್ಕಿದ್ದವು. ಎರಡರಲ್ಲಿ ಯಾವುದು ಎಂದು ಹೇಳಲು ಮೇಸ್ತ್ರಿಯನ್ನು ಕಳಿಸಿದರು, ಬರೆದುಕೊಳ್ಳಲು ನನ್ನನ್ನು.

ಹೊರಡುವ ದಿನ ನೋಡಿದರೆ ಮೇಸ್ತ್ರಿಯ ಹೆಂಡತಿಯೂ ರೊಟ್ಟಿಯ ಹಂಚು, ಸ್ಟೋವು, ಜೋಳದ ಹಿಟ್ಟಿನ ಗಂಟು ಹಿಡಿದು ಕಾರಿನ ಹತ್ತಿರ ನಿಂತಿದ್ದರು. "ವೈನಿ ಯಾಕ್ರಿ?" ಎಂದೆ.

"ಓಡೂ ದೋಣಿ ನಾ ನೋಡ್ತೇನಿ. ಇರೂ ದೋಣಿ ಅಕಿ ನೋಡಬೇಕು" ಎಂದರು ಮೇಸ್ತ್ರಿ.

ಮೊದಲನೆಯ ದೋಣಿ ಬೆಳ್ಳಗೆ, ಸಪೂರ, ಕೆಂಪು ಗೆರೆ ಹೊಡೆದದ್ದು. ನೆಲದ ಮೇಲೆ ನಿಲ್ಲಿಸಿದ್ದರೂ ಓಡುವ ಹವಣಿಕೆಯಲ್ಲಿದ್ದ ಹಾಗೆ ಕಾಣುತ್ತಿತ್ತು. ತಳದಿಂದ ಆಳೆತ್ತರಕ್ಕಿಂತ ಹೆಚ್ಚು ಕೆಳಗಿಳಿದ, ಮೀನಿನ ರೆಕ್ಕೆಯಂಥ ಭಾರದ ಕೀಲು; ಗಾಳಿಗೆ ದೋಣಿ ಮಗುಚದಂತೆ ಹಿಡಿಯುವುದು ಅದೇ ಅಂತೆ. ಇನ್ನೊಂದು ಹೊಟ್ಟೆ ಬಂದ ದೋಣಿ, ಹಸಿರು ಬಣ್ಣ ಮಾಸಿ ಪಾಚಿಯ ಹಾಗಾಗಿತ್ತು, ಕೀಲು ಗಿಡ್ಡ. ಒಳಗೆ ಹೊಕ್ಕರೆ ಪಾರಿವಾಳದ ಹಿಕ್ಕೆ, ಹಳೆಯ ಡೀಸೆಲ್ಲಿನ ನಾತ. ನಾನು ಮೂಗಿಗೆ ಕರವಸ್ತ್ರ ಹಿಡಿದು ಹೊರಗೆ ಬಂದೆ.

ಬಿಳಿಯದರ ಡೆಕ್ಕಿನ ಮೇಲೆ ಮೇಸ್ತ್ರಿ ಮಂಡಿಯೂರಿ ಲಾಳಿಯಿಂದ ಗೇಣುಗೇಣಿಗೂ ತಟ್ಟುತ್ತ ಹೋದರು. ಹಾಯಿಕಂಬ ನಿಲ್ಲುವ ಜಾಗಕ್ಕೆ ಬಂದಾಗ ಕೈ ನಿಂತಿತು. "ಕೇಳಿದ್ರಿ?" ಎಂದರು. ನನಗೆ ಏನೂ ಬೇರೆ ಕೇಳಿಸಲಿಲ್ಲ, ತಲೆಯಾಡಿಸಿದೆ. ಡೆಕ್ಕು ಎಂದರೆ ಮೇಲೊಂದು ಗಾಜಿನ ಬಟ್ಟೆಯ ಪದರ, ಕೆಳಗೊಂದು, ನಡುವೆ ಹಗುರ ಕಟ್ಟಿಗೆಯ ಹಲಗೆ. ಯಾರೋ ತೂತು ಕೊರೆದು ಮೊಳೆ ಹೊಡೆದು ಅಂಟು ತುಂಬದೆ ಬಿಟ್ಟಿದ್ದಾರೆ, ವರ್ಷಗಟ್ಟಲೆ ನೀರು ಇಳಿದು ನಡುವಿನ ಕಟ್ಟಿಗೆ ಕೊಳೆತಿದೆ ಎಂದು ವಿವರಿಸಿದರು. ಮೊಳೆ ಕಿತ್ತು, ತಂತಿ ತೂರಿಸಿ, ಒಳಗಿನದನ್ನು ಎಳೆದು ನನ್ನ ಅಂಗೈಯಲ್ಲಿ ಇಟ್ಟರು. ಕರಿ ಕೆಸರಿನಂಥದ್ದು, ಒದ್ದೆ, ನಾರುವಂಥದ್ದು. ನಾನು ಕೈ ಜಾಡಿಸಿ ನಲ್ಲಿಗೆ ಓಡಿ ಮೂರು ಸಲ ತೊಳೆದೆ.

ಆಮೇಲೆ ವೈನಿಯ ಸರದಿ. ಬಿಳಿ ದೋಣಿಯ ಅಡುಗೆ ಮೂಲೆಯಲ್ಲಿ ಸ್ಟೋವು ಹಚ್ಚಿ ರೊಟ್ಟಿ ಬಡಿಯಲು ಕುಳಿತರು. ಪ್ರತಿ ಸಲ ರೊಟ್ಟಿ ತಿರುವುವಾಗಲೂ ಮೊಳಕೈ ಗೋಡೆಗೆ ತಾಕುತ್ತಿತ್ತು. ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಿದು ಬಂತು. "ಇದರಾಗ ಯಾಂವ ಬಾಳೇ ಮಾಡ್ತಾನ" ಎಂದು ಎದ್ದರು. ಹೊಲಸು ಹಸಿರು ದೋಣಿಯನ್ನು ಮೊದಲು ಅರ್ಧ ತಾಸು ಗುಡಿಸಿ ಒರೆಸಿ, ನಂತರ ಆರು ರೊಟ್ಟಿ ಬಡಿದರು, ಒಂದೂ ಹರಿಯಲಿಲ್ಲ. ಅಂಗಳದಲ್ಲಿ ಕುಳಿತು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆವು.

ಮೇಸ್ತ್ರಿ ನ್ಯಾಯವಂತರು. ಹಸಿರು ದೋಣಿಯ ದೋಷಗಳನ್ನೂ ಬಿಡದೆ ಬರೆಸಿದರು: ಕಿಟಕಿ ಸೋರುತ್ತವೆ, ಇಂಜಿನ್ನು ಕೆಲಸಕ್ಕಿಲ್ಲ, ಸಣ್ಣ ಗಾಳಿಗೆ ಹೊಂಡದಲ್ಲಿ ಕುಳಿತ ಎಮ್ಮೆಯ ಹಾಗೆ ಅಲುಗುವುದೇ ಇಲ್ಲ, ಪಂದ್ಯ ಗೆಲ್ಲುವುದು ಕನಸಿನ ಮಾತು. ಬಿಳಿ ದೋಣಿಯ ಮೈಯನ್ನು ಅಂಗೈಯಿಂದ ಸವರುತ್ತ, "ಖರೇ ಹೇಳ್ತೇನಿ ಮಾಸ್ತರ, ನನ್ನ ಮನಸ್ಸು ಇದರ ಮ್ಯಾಲ ಐತಿ. ಇದು ಗಾಳಿ ಹಿಡದು ಹೊಂಟ್ರ ನೋಡಬೇಕು" ಎಂದರು. ಸ್ವಲ್ಪ ಹೊತ್ತು ತೋಳು ಕೆರೆದುಕೊಂಡರು. "ಆದ್ರ ನಮ್ಮದು ಸಮುದ್ರಲ್ಲ. ಬ್ಯಾಸಿಗ್ಯಾಗ ನೀರು ಇಳೀತೈತಿ, ತಳದಾಗ ಹಳೇ ಊರಿನ ಗ್ವಾಡಿ ಅದಾವ. ಈ ಕೀಲು ಬಡಿಯೂದು ಖಾತ್ರಿ. ಡೆಕ್ಕು ಬ್ಯಾರೆ ಹೋಗೇತಿ. ಬ್ಯಾಡ ಅಂತ ಬರೀರಿ." ಬರೆದೆ.

ಆ ಬರಹವನ್ನು ಸಾಹುಕಾರರ ಕೋಣೆಗೆ ಒಯ್ದಾಗ ಅವರ ಮೇಜಿನ ಮೇಲೆ ಬಿಳಿ ದೋಣಿಯ ಫೋಟೋ ದೊಡ್ಡದಾಗಿ ಅಚ್ಚಾಗಿ ಬಂದು ಬಿದ್ದಿತ್ತು. ಇದೇ ದೋಣಿ ತರುತ್ತೇವೆ ಎಂದು ನಾಲ್ಕು ಜನರೆದುರು ಆಗಲೇ ಭಾಷಣದಲ್ಲಿ ಹೇಳಿಯೂ ಆಗಿತ್ತು. ನನ್ನನ್ನು ಎದುರಿನ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ಅಮೀನಗಡದ ಕರದಂಟಿನ ತಟ್ಟೆ ಮುಂದಿಟ್ಟರು. "ಮಾಸ್ತರ, ವಿಷಯ ಬರೋಬ್ಬರಿ ಐತಿ. ಮೇಸ್ತ್ರಿ ಮಾತು ಭಾಳ ಒರಟು. ನಿಮ್ಮ ಭಾಷಾದಾಗ ಸ್ವಲ್ಪ ನಯಾ ಮಾಡ್ರಿ. ನಿಮ್ಮಂಗ ಬರಿಯೋರು ಈ ಜಿಲ್ಲಾದಾಗ ಯಾರದಾರ?"

ನಾನು ಕರದಂಟು ತಿಂದೆ. ಮನೆಗೆ ಬಂದು ಕೀಲಿನ ಮಾತು, ಡೆಕ್ಕಿನ ಮಾತು ಎರಡನ್ನೂ ಕಿತ್ತುಹಾಕಿ, 'ದೋಣಿಯು ಸರ್ವಾಂಗ ಸುದೃಢವಾಗಿದ್ದು' ಎಂದು ಶುರುವಾಗುವ ಒಂದು ಪುಟ ಬರೆದು ವರದಿಗೆ ಸೇರಿಸಿದೆ. ಯಾರೂ ನನಗೆ ಹಣ ಕೊಟ್ಟಿರಲಿಲ್ಲ, ಬೆದರಿಸಿರಲಿಲ್ಲ. ದೊಡ್ಡ ಮನುಷ್ಯನೊಬ್ಬ ನನ್ನ ಗದ್ಯವನ್ನು ಹೊಗಳಿದ, ಅಷ್ಟೇ. ಲಂಚ ತಿಂದವನಿಗಾದರೂ ಹೇಳಿಕೊಳ್ಳಲು ಒಂದು ಕಾರಣ ಇರುತ್ತದೆ. ಇವತ್ತಿಗೂ ಆ ಪುಟ ನೆನೆದರೆ ಬಾಯಲ್ಲಿ ಬೆಲ್ಲ ತುಪ್ಪದ ಜಿಡ್ಡು ಬಂದಂತಾಗಿ ಉಗುಳಬೇಕೆನಿಸುತ್ತದೆ.

ಮೇಸ್ತ್ರಿಯ ಶೆಡ್ಡಿಗೆ ಒಯ್ದು, "ಭಾಷಾ ಅಷ್ಟ ತಿದ್ದೇನ್ರಿ, ಸಹಿ ಹಾಕ್ರಿ" ಎಂದೆ. ಅವರು ಕನ್ನಡಕ ಹಾಕಿಕೊಂಡು ಹಾಳೆಗಳನ್ನು ನಿಧಾನವಾಗಿ ತಿರುವಿದರು. ಓದದೆ, ಬರೀ ಮರ್ಯಾದೆಗೆ ತಿರುವುತ್ತಿದ್ದಾರೆ ಎಂದುಕೊಂಡೆ. ಸಹಿ ಹಾಕಿದರು.

ದೋಣಿ ಬಂತು. ನೀರಿಗಿಳಿಸುವ ದಿನ ಪೂಜೆ. ಮೇಸ್ತ್ರಿ ಒಂದು ಕಲ್ಲು ತಂದು ದೋಣಿಯ ಮುಂದೆ ಇಟ್ಟು, "ಕಾಯಿ ಇದರ ಮ್ಯಾಲ ಒಡೀರಿ" ಎಂದು ಮೂರು ಸಲ ಹೇಳಿದರು. ಲಾರಿಗೆ, ಟ್ರ್ಯಾಕ್ಟರಿಗೆ ಕಾಯಿ ಒಡೆದು ರೂಢಿ ಇದ್ದ ಸಾಹುಕಾರರು ಕ್ಯಾಮೆರಾ ನೋಡುತ್ತ, ಎತ್ತಿದ ಕೈಯಲ್ಲಿ ಕಾಯನ್ನು ದೋಣಿಯ ಮೂತಿಗೇ ಬಡಿದರು. ಕಾಯಿ ಒಡೆಯಿತು, ಜೊತೆಗೆ ಬಿಳಿ ಮೈಮೇಲೆ ಜೇಡರ ಬಲೆಯಂತೆ ಬಿರುಕು ಹರಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಿರುಕಿನೊಳಗೆ ಕಾಯಿಯ ನೀರು, ಕುಂಕುಮ ಇಳಿಯುತ್ತಿದ್ದವು. ಯಾರೋ ಗುಟಕಾ ಉಗುಳಿದ ಕೆಂಪು ಡೆಕ್ಕಿನ ಮೇಲೆ ಆಗಲೇ ಬಿದ್ದಿತ್ತು. ಮರುದಿನ ಮೇಸ್ತ್ರಿ ಒಬ್ಬರೇ ಕುಳಿತು ಎರಡನ್ನೂ ಒರೆಸಿ, ಬಿರುಕನ್ನು ಉಜ್ಜಿ ತೆಗೆದು, ಹೊಸ ಪದರ ಹಾಕುತ್ತಿದ್ದುದನ್ನು ನೋಡಿದೆ.

ಬೇಸಿಗೆ ಬಂತು, ನೀರು ಇಳಿಯಿತು. ಸಾಹುಕಾರರು ಅತಿಥಿಗಳನ್ನು ಹತ್ತಿಸಿಕೊಂಡು ಹೋದ ದಿನ ಕೀಲು ಮುಳುಗಿದ ಯಾರದೋ ಮನೆಯ ಗೋಡೆಗೆ ಬಡಿದು ಕಚ್ಚಿಕೊಂಡಿತು. ದೋಣಿ ವಾಲಿತು; ಅತಿಥಿಗಳು ಮೊಳಕಾಲುದ್ದ ಕೆಸರಿನಲ್ಲಿ ಇಳಿದು ಬಂದರು. ಮರುವಾರದ ಸಭೆಯಲ್ಲಿ ಸಾಹುಕಾರರು ವರದಿಯನ್ನು ಗಟ್ಟಿಯಾಗಿ ಓದಿದರು. ನನ್ನ ವಾಕ್ಯಗಳು ಆ ಬಾಯಲ್ಲಿ ಚೆನ್ನಾಗಿಯೇ ಕೇಳುತ್ತಿದ್ದವು. "ಯಾರ ಸಹಿ ಐತ್ರಿ ಇದು?" ಎಂದರು. ಮೇಸ್ತ್ರಿ ಎದ್ದು ನಿಂತರು, ತಲೆ ತಗ್ಗಿಸಿ ಹೊರಗೆ ಹೋದರು. ನಾನು ಸಭೆಯ ನಡಾವಳಿ ಬರೆಯುತ್ತಾ ಕುಳಿತಿದ್ದೆ.

ಆಮೇಲೆ ಅವರಿಗೆ ಟಾಕಿಯ ಕೆಲಸವೂ ಬರಲಿಲ್ಲ. ದೋಣಿ ಕೆಡಿಸಿದ ಮೇಸ್ತ್ರಿ ಎಂದು ಹೆಸರು ಬಿತ್ತು. ಬಚ್ಚಲಿನ ಬಾಗಿಲನ್ನೂ ಜನ ಬೇರೆ ಕಡೆ ಹೇಳತೊಡಗಿದರು. ಶೆಡ್ಡು ಖಾಲಿ ಮಾಡಿ ಗಂಡಹೆಂಡತಿ ಇಳಕಲ್ಲಿಗೆ ಹೋದರು. ಅವರ ತುರಿಕೆಯನ್ನು, ನಶ್ಯವನ್ನು, ಆ ಅಂಟಿನ ವಾಸನೆಯನ್ನು ನಾನು ಇಷ್ಟೊಂದು ಹುಡುಕುತ್ತೇನೆ ಎಂದುಕೊಂಡಿರಲಿಲ್ಲ. ಆ ಓಣಿಯಲ್ಲಿ ನಡೆಯುವುದನ್ನೇ ಬಿಟ್ಟೆ.

ಹೋದ ವರ್ಷ ಒಂದು ದಿನ ತಡೆಯಲಾರದೆ ಬಸ್ಸು ಹತ್ತಿದೆ. ಹುನಗುಂದದಲ್ಲಿ ಇಳಿದು ವಾಪಸು ಹೋಗಿಬಿಡೋಣ ಎಂದು ಒಮ್ಮೆ ಎದ್ದೂ ನಿಂತಿದ್ದೆ. ಇಳಕಲ್ಲಿನ ಮನೆಯಲ್ಲಿ ವೈನಿ ಯಾರದೋ ಮಗ್ಗಕ್ಕೆ ನೂಲು ಸುತ್ತುತ್ತಿದ್ದರು. ಮೇಸ್ತ್ರಿ ಗೋಡೆಗೆ ಒರಗಿ ಕುಳಿತಿದ್ದರು. ಗಾಜಿನ ಧೂಳು ಎದೆಗಿಳಿದಿತ್ತು, ಎರಡು ಮಾತಿಗೊಮ್ಮೆ ಉಸಿರು ಹುಡುಕಬೇಕಿತ್ತು.

ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಬಿಟ್ಟು, "ಆ ವರದಿ ನಾ ಬದಲ ಮಾಡಿದ್ದೆ ಮೇಸ್ತ್ರಿ" ಎಂದೆ.

"ಗೊತ್ತೈತ್ರಿ. ನಾ ಓದಿಽ ಸಹಿ ಮಾಡೇನಿ" ಎಂದರು.

ನೂಲು ಸುತ್ತುವ ಸದ್ದು ನಿಂತಿತು. ವೈನಿಗೂ ಇದು ಹೊಸದಾಗಿತ್ತು ಎಂದು ಕಾಣುತ್ತದೆ.

"ಶೆಡ್ಡಿನ ಮಾಲಕ ಖಾಲಿ ಮಾಡು ಅಂದಿದ್ದ. ದೋಣ್ಯಾಗ ಇರಾಕ ನಿಮಗಽ ಜಾಗಾ ಕೊಡ್ತೇನಿ ಅಂತ ಸಾಹುಕಾರ್ರು ಹೇಳಿ ಕಳಿಸಿದ್ರು. ಈಗ ಸಹಿ ಮಾಡೂನು, ಒಳಗ ಹೊಕ್ಕ ಮ್ಯಾಲ ಡೆಕ್ಕು ಕಿತ್ತು ನಾನಽ ಹೊಸಾದು ಹಾಕೂನು ಅಂದ್ಕೊಂಡೆ. ಹೊಕ್ಕೂದರೊಳಗ ದೋಣಿ ಗ್ವಾಡಿಗೆ ಬಡೀತು." ಉಸಿರು ಎಳೆದುಕೊಂಡರು. "ಟಾಕಿಗೆ ಪುಟ್ಟಿ ಹಚ್ಚಲಿಲ್ಲ ನೋಡ್ರಿ, ಇದಕ್ಕ ಹಚ್ಚಿದೆ. ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ನನ್ನ ಕೈ ನೋಡಿದ್ರ ನನಗಽ ಹೇಸಿಗಿ ಬರತೈತಿ."

ನನಗೆ ಅಳು ಬಂತು. ಅವರು ಕೈಯೆತ್ತಿ ತಡೆದರು. "ಅದು ಇರಲಿ. ಡೆಕ್ಕು ಇನ್ನೂ ಹಂಗಽ ಐತಿ. ಮ್ಯಾಲ ಬಣ್ಣಾ ಹೊಡದಾರಂತ. ಯಾರರೆ ತಗೊಂಡ್ರ ಕಂಬ ಒಳಗ ಇಳೀತೈತಿ, ಕೆಳಗ ಮಲಗಿದವರ ಮ್ಯಾಲ. ನಾ ಹೇಳಿದ್ರ ಯಾರೂ ನಂಬೂದಿಲ್ಲ. ನೀವು ಹೇಳ್ರಿ."

ಹೇಳುತ್ತೇನೆ ಎಂದೆ. ಊರಿಗೆ ಬಂದೆ. ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ದೋಣಿ ದಂಡೆಯ ಮೇಲೆ ಸುಮ್ಮನೆ ಬಿದ್ದಿದೆಯಲ್ಲ, ಅವಸರವೇನು ಎಂದು ನನಗೆ ನಾನೇ ಹೇಳಿಕೊಂಡೆ. ಮೇಸ್ತ್ರಿ ಕಾದು ಕಾದು ಸತ್ತರೋ, ನನ್ನನ್ನು ಮೊದಲೇ ಅಳೆದುಬಿಟ್ಟಿದ್ದರೋ ತಿಳಿಯದು.

ಸಾಹುಕಾರರು ಸಹಿಗೆ ಕರೆದಿದ್ದ ಭಾನುವಾರ ಬೆಳಿಗ್ಗೆ ಹಿನ್ನೀರಿನ ದಂಡೆಗೆ ಹೋದೆ. ಕಬ್ಬಿಣದ ಚೌಕಟ್ಟಿನ ಮೇಲೆ ಬಿಳಿ ದೋಣಿ ನಿಂತಿತ್ತು, ಹೊಸ ಬಣ್ಣದ ವಾಸನೆ ಹೊಡೆಯುತ್ತಿತ್ತು. ಕಂಬ ಬಿಚ್ಚಿ ಪಕ್ಕದಲ್ಲಿ ಮಲಗಿಸಿದ್ದರು. ಬಾದಾಮಿಯ ಹೆಣ್ಣುಮಗಳು ಮಗುವನ್ನು ಡೆಕ್ಕಿನ ಹಿಂಭಾಗದಲ್ಲಿ ಕೂರಿಸಿಕೊಂಡು ಒಳಗಿದ್ದ ಗಂಡನ ಜೊತೆ ಮಾತಾಡುತ್ತಿದ್ದಳು: ಮುಂದಿನ ಪುಟ್ಟ ಕೋಣೆ ಮಗುವಿಗೆ, ಇಲ್ಲಿ ನಮಗೆ. ಸಾಹುಕಾರರು ವರದಿ ಮುಂದೆ ಚಾಚಿ ಪೆನ್ನು ತೆಗೆದುಕೊಟ್ಟರು.

"ಇದು ಸುಳ್ಳು ಐತಮ್ಮ. ಈ ದೋಣಿ ತಗೋಬ್ಯಾಡ್ರಿ. ಡೆಕ್ಕು ಕೊಳತೈತಿ" ಎಂದೆ.

ಸಾಹುಕಾರರು ನಕ್ಕರು. "ಮಾಸ್ತರಿಗೆ ವಯಸ್ಸಾತು" ಎಂದರು. ಒಳಗಿನಿಂದ ಗಂಡ ಮುಷ್ಟಿಯಿಂದ ಮೇಲಕ್ಕೆ ಗುದ್ದಿ, "ಗಟ್ಟಿ ಐತೆಲ್ರಿ" ಎಂದ.

ಆ ಹೆಣ್ಣುಮಗಳು ನನ್ನನ್ನು ಸಿಟ್ಟಿನಿಂದಲೇ ನೋಡಿದಳು. "ಸತ್ತವರ ಮ್ಯಾಲ ಹಿಂಗ ಮಾತಾಡಬಾರದ್ರಿ ಸರ. ಅವರು ಸಹಿ ಮಾಡ್ಯಾರ. ಭಾಳ ದೊಡ್ಡ ಮೇಸ್ತ್ರಿ ಇದ್ರಂತ, ಗೋವಾದಾಗ ಕೇಳಿದ್ರೂ ಹೇಳ್ತಾರ."

ನಮ್ಮೂರಿನಲ್ಲಿ ಕೆಟ್ಟ ಮೇಸ್ತ್ರಿಯ ಹೆಸರು ಗೋವೆಯಲ್ಲಿ ಇನ್ನೂ ಚೆನ್ನಾಗಿತ್ತು. ಅದನ್ನು ನಂಬಿಯೇ ಇವಳು ಮಗುವನ್ನು ಇಲ್ಲಿ ಮಲಗಿಸಲು ಹೊರಟಿದ್ದಳು. ನಾನು ಚಪ್ಪಲಿ ಬಿಟ್ಟು ಏಣಿ ಹತ್ತಿದೆ. ಅರವತ್ತು ದಾಟಿದ ಮಾಸ್ತರ, ಜೀವನದಲ್ಲಿ ಒಂದು ಕಟ್ಟಿಗೆಯನ್ನೂ ಮುರಿದವನಲ್ಲ. ಕಂಬ ನಿಲ್ಲುವ ಜಾಗಕ್ಕೆ ಹೋಗಿ ಬಲಗಾಲೆತ್ತಿ ಒದ್ದೆ. ಏನೂ ಆಗಲಿಲ್ಲ. ಕೆಳಗೆ ಯಾರೋ ನಕ್ಕರು. ಮತ್ತೆ ಒದ್ದೆ. ಮೂರನೆಯ ಸಲ ಎರಡೂ ಕಾಲೆತ್ತಿ ಕುಪ್ಪಳಿಸಿದೆ. ಬಣ್ಣ ಸೀಳಿತು, ಬಲಗಾಲು ಮೊಳಕಾಲು ದಾಟಿ ಒಳಗೆ ಇಳಿಯಿತು. ಕರಿ ನೀರು ಚಿಮ್ಮಿ ಧೋತರದ ತುಂಬ ಹರಡಿತು, ನಾತ ಎದ್ದಿತು. ಕೆಳಗಿನ ಕೋಣೆಯಲ್ಲಿ ಹಾಸಿಗೆಯ ಮೇಲೆ ನನ್ನ ಪಾದ ಇಳಿದದ್ದನ್ನು ಕಂಡ ಗಂಡ ಚೀರಿದ್ದು ಕೇಳಿಸಿತು. ಗಾಜಿನ ಎಳೆಗಳು ಮೀನಖಂಡವನ್ನು ಸೀಳಿದ್ದವು. ಕಾಲು ಹೊರಗೆ ಬರುತ್ತಿರಲಿಲ್ಲ.

"ಮೇಸ್ತ್ರಿ ಇದನ್ನ ಮೊದಲನೇ ದಿನಾನಽ ಹೇಳಿದ್ರವ್ವ" ಎಂದೆ. "ಅಳಿಸಿದಾಂವ ನಾನು."

ಆಕೆ ಮಗುವನ್ನು ಎತ್ತಿಕೊಂಡು ದೋಣಿಯಿಂದ ಇಳಿದಳು.